ಸಿಇಟಿ ಅರ್ಜಿ, ಹಳೆಯ ಪ್ರಶ್ನೆಪತ್ರಿಕೆ, ಆಪ್ಶನ್ ಎಂಟ್ರಿ: ಕೊಡಗಿನ ಅಮ್ಮತ್ತಿಯಿಂದ ಒಬ್ಬ ಬಳಕೆದಾರರ ವಿಮರ್ಶೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ನಾವೆಲ್ಲ ಕೆಇಎ ಎನ್ನುವ ಸಂಸ್ಥೆಯ, ಎಂಜಿನಿಯರಿಂಗ್ ಮೊದಲಾದ ವೃತ್ತಿ ಕೋರ್ಸುಗಳ ಪ್ರವೇಶಕ್ಕೆ ನಡೆಯುವ ಸಿಇಟಿ ಪರೀಕ್ಷೆಯ ಆನ್‌ಲೈನ್ ವ್ಯವಸ್ಥೆಯನ್ನು ನಾನು 2021ರಿಂದ ಬಳಸುತ್ತಿದ್ದೇನೆ. ಮಗಳು ಆ ವರ್ಷ ಪರೀಕ್ಷೆ ಬರೆದಳು, ಮಗ 2024ರಲ್ಲಿ ಬರೆದ. ಇವರಿಬ್ಬರ ನಡುವಿನ ವರ್ಷಗಳಲ್ಲಿಯೂ ಆಮೇಲೆಯೂ ನೆರೆಮನೆಯ ಮಕ್ಕಳ, ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಮಕ್ಕಳ ಅರ್ಜಿಗಳು ನಮ್ಮ ಊಟದ ಮೇಜಿನ ಮೇಲೆಯೇ ಭರ್ತಿಯಾಗಿವೆ. ಇಷ್ಟು ಕಾಲದ ಬಳಕೆಯ ನಂತರ ನನ್ನ ಅಭಿಪ್ರಾಯ ಇದು: ವ್ಯವಸ್ಥೆ ನಂಬಿಕೆಗೆ ಅರ್ಹವಾಗಿದೆ, ತಯಾರಿಗೆ ಬೇಕಾದ ಅತ್ಯುತ್ತಮ ಸಾಮಗ್ರಿಯನ್ನು ಉಚಿತವಾಗಿಯೇ ಕೊಡುತ್ತದೆ, ಆದರೆ ಅದರ ವೇಳಾಪಟ್ಟಿಗೂ ಕೊಡಗಿನ ವರ್ಷದ ನಡೆಗೂ ಹೊಂದಾಣಿಕೆಯಿಲ್ಲ. ಅರ್ಜಿಯ ಅವಧಿ ಕಾಫಿ ಕೊಯ್ಲಿಗೆ ಬರುತ್ತದೆ, ಪರೀಕ್ಷೆ ಗುಡುಗು ಮಳೆಗೆ, ಸೀಟು ಆಯ್ಕೆ ಕಕ್ಕಡ ಮಾಸದ (ಜುಲೈ-ಆಗಸ್ಟ್) ಜಡಿಮಳೆಗೆ. ಇದನ್ನು ಮೊದಲೇ ಅರಿತು ಕೆಲಸಗಳನ್ನು ಮುಂಚಿತವಾಗಿ ಮುಗಿಸಿಕೊಂಡ ಮನೆಗೆ ಸಿಇಟಿ ಸುಲಭ. ಪ್ರಕಟಣೆ ಹೊರಬಿದ್ದ ಮೇಲೆ ಓಡಾಟ ಆರಂಭಿಸುವ ಮನೆಗೆ ಬಹಳ ಕಷ್ಟ.

ಮೊದಲು ತಯಾರಿಯ ಮಾತು, ಏಕೆಂದರೆ ಜನ ಹಣ ಸುರಿಯುವುದು ಅಲ್ಲಿಯೇ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಲೆಕ್ಕಕ್ಕೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು ಸಿಗುತ್ತದೆ ಎಂದುಕೊಂಡರೂ, ಉತ್ತರ ಗುರುತಿಸುವ ಒಎಂಆರ್ ಹಾಳೆಯಲ್ಲಿ ಒಂದು ವೃತ್ತವನ್ನು ಬಾಲ್ ಪೆನ್ನಿನಿಂದ ಅಂಚು ದಾಟದಂತೆ ತುಂಬಲು ಐದು ಸೆಕೆಂಡು ಬೇಕೆಂದರೆ ಬರೀ ತುಂಬುವುದಕ್ಕೇ ಐದು ನಿಮಿಷ ಹೋಗಿ, ಯೋಚಿಸಲು ಉಳಿಯುವುದು ಪ್ರಶ್ನೆಗೆ 75 ಸೆಕೆಂಡು. ಈ ಪರೀಕ್ಷೆಯ ಸ್ವಭಾವವೆಲ್ಲ ಈ 75 ಸೆಕೆಂಡುಗಳಲ್ಲಿದೆ. ಇಲ್ಲಿ ಗೆಲ್ಲುವುದು ಕಠಿಣ ಸಮಸ್ಯೆಯನ್ನು ಬಿಡಿಸಬಲ್ಲ ಜಾಣತನಕ್ಕಿಂತ ಹೆಚ್ಚಾಗಿ, ಯಾವ ಪ್ರಶ್ನೆಯನ್ನು ಈಗ ಬಿಟ್ಟು ಮುಂದೆ ಹೋಗಬೇಕು ಎಂದು ತಕ್ಷಣ ತೀರ್ಮಾನಿಸುವ ಅಭ್ಯಾಸ.

ಮಗಳ ಕಾಲದಲ್ಲಿ ನಾವು ಒಂದು ಪ್ರಸಿದ್ಧ ಕೋಚಿಂಗ್ ಆ್ಯಪಿಗೆ ವರ್ಷದ ಚಂದಾ ಕಟ್ಟಿದ್ದೆವು. ಹೆಸರು ಬೇಡ, ಅಂಥವು ಹಲವು ಇವೆ, ಸ್ವಭಾವ ಹೆಚ್ಚುಕಡಿಮೆ ಒಂದೇ. ಅದರ ಪಾಠಗಳು ಕೆಟ್ಟವಲ್ಲ, ವಿದ್ಯುತ್ಕಾಂತೀಯ ಪ್ರೇರಣೆಯನ್ನು ಅಷ್ಟು ಚೆನ್ನಾಗಿ ಚಿತ್ರಿಸಿ ತೋರಿಸಿದ್ದನ್ನು ನಾನೂ ಕುಳಿತು ನೋಡಿದ್ದೇನೆ. ಆದರೆ ಅದು ರೂಪುಗೊಂಡದ್ದು ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಬರೆಯುವವರಿಗಾಗಿ. ಅದರ ಅಭ್ಯಾಸ ಪತ್ರಿಕೆಗಳಲ್ಲಿ ಒಂದೊಂದು ಸಮಸ್ಯೆಯೂ ನಾಲ್ಕೈದು ನಿಮಿಷ ಬೇಡುವಂಥದ್ದು, ತಪ್ಪಿದರೆ ಅಂಕ ಕಳೆಯುವಂಥದ್ದು. ಅದರಲ್ಲೇ ಪಳಗಿದ ಮಕ್ಕಳಿಗೆ ಸಂಶಯವಿರುವ ಪ್ರಶ್ನೆಯನ್ನು ಖಾಲಿ ಬಿಡುವ ಚಾಳಿ ಬರುತ್ತದೆ. ಸಿಇಟಿಯಲ್ಲಿ ಖಾಲಿ ಬಿಡುವುದೆಂದರೆ ಸಿಗಬಹುದಾದ ಅಂಕವನ್ನು ಸುಮ್ಮನೆ ಬಿಟ್ಟುಕೊಟ್ಟಂತೆ. ಇನ್ನು ಪರದೆಯ ಮೇಲೆ ಬೆರಳು ತಾಗಿಸಿ ಉತ್ತರ ಆರಿಸುವ ಅಭ್ಯಾಸಕ್ಕೂ, ಪ್ರಶ್ನೆಯ ಸಂಖ್ಯೆ ತಪ್ಪದಂತೆ ಕಾಗದದ ಮೇಲೆ ವೃತ್ತ ತುಂಬುವುದಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ಪ್ರಶ್ನೆಯನ್ನು ಬಿಟ್ಟು ಮುಂದಿನದಕ್ಕೆ ಹೋದಾಗ ಹಾಳೆಯಲ್ಲಿಯೂ ಒಂದು ಸಾಲು ಬಿಡಬೇಕೆಂಬುದನ್ನು ಕೈ ಕಲಿಯಬೇಕು, ತಲೆಯಲ್ಲ. ಆ್ಯಪಿನ ವಿಡಿಯೋಗಳಿಗೆ ಬೇಕಾಗುವ ಡೇಟಾ ನಮ್ಮ ಕಡೆ ಸಿಗುವುದು ಮನೆಯ ಹಿಂದಿನ ಕಣದ ಮೂಲೆಯಲ್ಲಿ ಮಾತ್ರ ಎಂಬುದು ಬೇರೆ ವಿಷಯ.

ಮಗನಿಗೆ ಚಂದಾ ಕಟ್ಟಲಿಲ್ಲ. ಕೆಇಎ ತನ್ನ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನೂ ಕೀ ಉತ್ತರಗಳನ್ನೂ ಇಟ್ಟಿದೆ. ಅವನ್ನು ಇಳಿಸಿಕೊಂಡು, ಒಎಂಆರ್ ಹಾಳೆಯ ಮಾದರಿಯೊಂದನ್ನು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕಟ್ಟುಗಟ್ಟಲೆ ಪ್ರತಿ ಮಾಡಿಸಿ, ಭಾನುವಾರದ ಬೆಳಿಗ್ಗೆ ಒಂದು ವಿಷಯ, ಮಧ್ಯಾಹ್ನ ಇನ್ನೊಂದು, ನಿಜವಾದ ಪರೀಕ್ಷೆಯ ಸಮಯಕ್ಕೇ ಕೂರಿಸಿದೆವು. ಗೋಡೆ ಗಡಿಯಾರ ಎದುರಿಗೆ, ಮೊಬೈಲ್ ಅಜ್ಜಿಯ ವಶಕ್ಕೆ. ಓದಿಗೆ ಪಿಯು ವಿಜ್ಞಾನದ ಎನ್‌ಸಿಇಆರ್‌ಟಿ ಪುಸ್ತಕಗಳು ಸಾಕಾದವು. ಸಿಇಟಿಯ ಬಹುಪಾಲು ಪ್ರಶ್ನೆಗಳು ಆ ಪುಸ್ತಕಗಳ ಸಾಲುಗಳಿಂದಲೇ ಹುಟ್ಟುತ್ತವೆ. ಜೀವಶಾಸ್ತ್ರದಲ್ಲಂತೂ ಚಿತ್ರದ ಕೆಳಗಿನ ಒಕ್ಕಣೆಯನ್ನೂ ಬಿಡುವಂತಿಲ್ಲ. ಕೀ ಉತ್ತರಗಳ ವಿಷಯದಲ್ಲಿ ಕೆಇಎಯ ಕ್ರಮ ನನಗೆ ಮೆಚ್ಚುಗೆಯಾದದ್ದು: ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಕೀ ಪ್ರಕಟಿಸಿ, ಆಕ್ಷೇಪಣೆ ಕರೆದು, ಅವನ್ನು ಪರಿಶೀಲಿಸಿದ ನಂತರವೇ ಮೌಲ್ಯಮಾಪನ ಮಾಡುತ್ತಾರೆ.

2024ರ ಪರೀಕ್ಷೆಯಲ್ಲಿ ಪಠ್ಯಕ್ರಮದಿಂದ ಆ ವರ್ಷ ಕೈಬಿಟ್ಟಿದ್ದ ಭಾಗಗಳಿಂದ ಪ್ರಶ್ನೆಗಳು ಬಂದು ರಾಜ್ಯದಾದ್ಯಂತ ಗದ್ದಲವಾಯಿತು. ಕೊನೆಗೆ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಅಂಥ ಪ್ರಶ್ನೆ ಎದುರಾದಾಗ ಅದರೊಂದಿಗೆ ಗುದ್ದಾಡದೆ ಒಂದು ವೃತ್ತ ತುಂಬಿ ಮುಂದೆ ಹೋದವರು ಸಮಯ ಉಳಿಸಿಕೊಂಡರು. ಹಳೆಯ ಪತ್ರಿಕೆಗಳ ಅಭ್ಯಾಸ ಮಗನಿಗೆ ಕೊಟ್ಟ ಲಾಭ ಇದೇ.

ಪಾಲಕರಿಗೆ ಒಂದು ಲೆಕ್ಕ ತಿಳಿದಿರಲಿ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯು ಅಂಕ ಮತ್ತು ಸಿಇಟಿ ಅಂಕಗಳಿಗೆ ಸಮಪಾಲು. ಪಿಯುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300, ಸಿಇಟಿಯಲ್ಲಿ 180. ಹಾಗಾಗಿ ಸಿಇಟಿಯ ಒಂದು ಅಂಕ ಪಿಯುವಿನ ಸುಮಾರು 1.67 ಅಂಕಕ್ಕೆ ಸಮ. ಮಗಳ ವರ್ಷ ಈ ಲೆಕ್ಕ ಇರಲಿಲ್ಲ. ಕೊರೊನಾದಿಂದಾಗಿ 2021ರಲ್ಲಿ ಪಿಯು ಪರೀಕ್ಷೆಯೇ ರದ್ದಾಗಿ, ಆಗಸ್ಟ್ ಕೊನೆಯಲ್ಲಿ ನಡೆದ ಸಿಇಟಿಯ ಅಂಕಗಳಿಂದ ಮಾತ್ರ ರ್‍ಯಾಂಕ್ ಕೊಟ್ಟರು. ಆ ವರ್ಷ ಬರೆದವರ ಅನುಭವದ ಮೇಲೆ ಈಗಿನ ಮಕ್ಕಳಿಗೆ ಬುದ್ಧಿ ಹೇಳುವ ಅಣ್ಣ ಅಕ್ಕಂದಿರು ಇದನ್ನು ಮರೆಯಬಾರದು.

ಇನ್ನು ನೋಂದಣಿ. ಸಾಮಾನ್ಯ ವರ್ಷಗಳಲ್ಲಿ ಅರ್ಜಿ ತುಂಬುವ ಅವಧಿ ಜನವರಿ, ಫೆಬ್ರುವರಿಯಲ್ಲಿ ಬರುತ್ತದೆ. ಅಮ್ಮತ್ತಿ, ಸಿದ್ದಾಪುರ ಕಡೆ ಆಗ ರೋಬಸ್ಟಾ ಕೊಯ್ಲು ಬಿರುಸಾಗಿರುತ್ತದೆ. ಕಣದಲ್ಲಿ ಕಾಫಿ ಹರಡಿರುತ್ತದೆ, ಮನೆಯ ಯಜಮಾನನೂ ಕೂಲಿಯಾಳೂ ಬೆಳಿಗ್ಗೆಯಿಂದ ಸಂಜೆವರೆಗೆ ತೋಟದಲ್ಲಿರುತ್ತಾರೆ. ಯಾರಿಗೂ ನಾಡಕಚೇರಿಗೆ ಹೋಗಿ ಕಾಯಲು ಬಿಡುವಿಲ್ಲ. ಆದರೆ ಮೀಸಲಾತಿ ಕೇಳುವ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕೇ ಬೇಕು. ಅದನ್ನು ಹಾಕಿದರೆ ಪ್ರಮಾಣಪತ್ರದ ವಿವರಗಳು ತಾವಾಗಿಯೇ ಬಂದು ಕೂರುತ್ತವೆ; ಇದು ಈ ವ್ಯವಸ್ಥೆಯ ಒಳ್ಳೆಯ ಗುಣ. ತೊಡಕಿರುವುದು ಹೆಸರಿನಲ್ಲಿ. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅದು ಒಂದು ಇನಿಷಿಯಲ್ ಆಗಿ ಕುಗ್ಗಿರುತ್ತದೆ, ಆಧಾರ್‌ನಲ್ಲಿ ಪೂರ್ಣವಾಗಿ ಕೊನೆಗೆ ಹೋಗಿರುತ್ತದೆ, ಆದಾಯ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನೊಂದಿಗೆ ಇನ್ನೊಂದು ರೂಪ ತಾಳಿರುತ್ತದೆ. ಮೂರೂ ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ, ವ್ಯತ್ಯಾಸವಿದ್ದರೆ ನವೆಂಬರ್-ಡಿಸೆಂಬರಿನ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮುಂಚೆಯೇ ಸರಿಪಡಿಸಿಕೊಳ್ಳಬೇಕು. ಲೈನ್ ಮನೆಗಳ ಯರವ, ಜೇನುಕುರುಬ ಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ. ಪರಿಶಿಷ್ಟ ಪಂಗಡದ ಮೀಸಲಾತಿ ಅವರ ಹಕ್ಕು, ಆದರೆ ಆರ್‌ಡಿ ಸಂಖ್ಯೆಯಿಲ್ಲದೆ ಅರ್ಜಿಯಲ್ಲಿ ಅದನ್ನು ಸಾಧಿಸುವ ದಾರಿಯಿಲ್ಲ.

ಗ್ರಾಮೀಣ ಮೀಸಲಾತಿಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಒಂದು ಗಟ್ಟಿಯಾದ ತಪ್ಪು ಕಲ್ಪನೆ ಇದೆ. ಮನೆ ಕಾಡಂಚಿನ ತೋಟದಲ್ಲಿದೆ, ಹಾಗಾಗಿ ನಾವು ಗ್ರಾಮೀಣರು ಎಂದು ಎಲ್ಲರೂ ಭಾವಿಸುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯಲ್ಲ, ಶಾಲೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದ ಶಾಲೆ ಗ್ರಾಮೀಣ ಪ್ರದೇಶದಲ್ಲಿರಬೇಕು. ದಿನವೂ ಬಸ್ಸಿನಲ್ಲಿ ವಿರಾಜಪೇಟೆಯ ಶಾಲೆಗೆ ಹೋಗಿ ಬಂದ ತೋಟದ ಹುಡುಗನಿಗೆ ಅದು ಸಿಗುವುದಿಲ್ಲ. ಹಳ್ಳಿಯ ಸರ್ಕಾರಿ ಶಾಲೆಯಲ್ಲೇ ಹತ್ತು ವರ್ಷ ಓದಿದವನಿಗೆ ಸಿಗುತ್ತದೆ. ಇದು ನ್ಯಾಯವೇ ಎಂದು ವಾದಿಸಬಹುದು, ನನಗೆ ನ್ಯಾಯವೆಂದೇ ತೋರುತ್ತದೆ.

ಅರ್ಜಿಯನ್ನು ಸೈಬರ್ ಸೆಂಟರಿನಲ್ಲಿ ತುಂಬಿಸುವವರು ಮೊಬೈಲ್ ಸಂಖ್ಯೆಯ ಕಡೆ ಕಣ್ಣಿಡಬೇಕು. ಪರಿಚಯದ ಹುಡುಗಿಯೊಬ್ಬಳ ಅರ್ಜಿಯಲ್ಲಿ ಅಂಗಡಿಯವರು ಗಡಿಬಿಡಿಯಲ್ಲಿ ತಮ್ಮದೇ ಸಂಖ್ಯೆಯನ್ನು ಹಾಕಿದ್ದರು. ಮುಂದಿನ ಒಟಿಪಿಗಳೆಲ್ಲ ಆ ಅಂಗಡಿಗೇ ಹೋಗತೊಡಗಿ, ಅಂಗಡಿ ಮುಚ್ಚಿದ ದಿನ ಅವಳಿಗೆ ಲಾಗಿನ್ ಆಗುವುದೇ ಅಸಾಧ್ಯವಾಯಿತು. ತಿದ್ದುಪಡಿಗೆ ಅವಕಾಶ ಕೊಟ್ಟಾಗ ಸರಿಪಡಿಸಿದೆವು, ಆದರೆ ಅಲ್ಲಿಯವರೆಗಿನ ಆತಂಕ ಸಣ್ಣದಲ್ಲ. ಫೋಟೋ, ಸಹಿ, ಎಡಗೈ ಹೆಬ್ಬೆರಳಿನ ಗುರುತನ್ನು ಅಪ್‌ಲೋಡ್ ಮಾಡುವಾಗಲೂ ತಾಳ್ಮೆ ಬೇಕು. ಕೊಯ್ಲಿನ ದಿನಗಳಲ್ಲಿ ಕಾಫಿಯ ಕರೆ ಹಿಡಿದ ಬೆರಳಿನ ಗುರುತು ಕಾಗದದ ಮೇಲೆ ಕಪ್ಪು ಮುದ್ದೆಯಾಗಿ ಬೀಳುತ್ತದೆ, ಗೆರೆಗಳು ಕಾಣುವುದಿಲ್ಲ. ನಿಂಬೆಹುಳಿ ಹಚ್ಚಿ ತೊಳೆದು, ಶಾಯಿ ತೆಳುವಾಗಿ ತಾಗಿಸಿ ಒತ್ತಿದರೆ ಸರಿಯಾಗಿ ಬರುತ್ತದೆ.

ಪರೀಕ್ಷೆಯ ದಿನದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಏಪ್ರಿಲಿನಲ್ಲಿ ಸಂಜೆಯ ಗುಡುಗು ಮಳೆಗೆ ಕರೆಂಟು ಹೋಗುತ್ತದೆ, ಹಾಗಾಗಿ ಪ್ರವೇಶಪತ್ರದ ಪ್ರತಿಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳಿ. ಸಿದ್ದಾಪುರದ ರಸ್ತೆಯಲ್ಲಿ ಬೆಳಗಿನ ಹೊತ್ತು ಆನೆ ನಿಂತರೆ ಯಾರ ಪ್ರವೇಶಪತ್ರವನ್ನೂ ಅದು ನೋಡುವುದಿಲ್ಲ. ಮಡಿಕೇರಿಯಲ್ಲಿ ಕೇಂದ್ರ ಸಿಕ್ಕವರು ಹಿಂದಿನ ರಾತ್ರಿ ಅಲ್ಲಿಯೇ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು.

ಕೊಡಗಿನವರಿಗೆ ಇಡೀ ಪ್ರಕ್ರಿಯೆಯಲ್ಲಿ ಅತಿ ಕಠಿಣವಾದದ್ದು ಕೊನೆಯ ಹಂತ. ಹಿಂದೆ ಮೂಲ ದಾಖಲೆಗಳ ಗಂಟಿನೊಂದಿಗೆ ಸಹಾಯ ಕೇಂದ್ರಗಳಲ್ಲಿ ಸಾಲು ನಿಲ್ಲಬೇಕಿತ್ತು. ಈಗ ಪರಿಶೀಲನೆಯಿಂದ ಸೀಟು ಹಂಚಿಕೆಯವರೆಗೆ ಬಹುತೇಕ ಎಲ್ಲವೂ ಮನೆಯಿಂದಲೇ ಆಗುತ್ತದೆ. ಮಳೆಗಾಲದಲ್ಲಿ ಮಡಿಕೇರಿಯವರೆಗಿನ ಪ್ರಯಾಣ ತಪ್ಪಿದ್ದು ದೊಡ್ಡ ಉಪಕಾರ. ಆದರೆ ಆಪ್ಶನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ತುಂಬುವುದು), ಅಣಕು ಹಂಚಿಕೆ (ನಿಜವಾದ ಹಂಚಿಕೆಗೆ ಮುಂಚಿನ ಪ್ರಾಯೋಗಿಕ ಹಂಚಿಕೆ), ಹಂಚಿಕೆಯ ಸುತ್ತುಗಳು ಎಲ್ಲವೂ ಜೂನ್ ಕೊನೆಯಿಂದ ಮುಂದಕ್ಕೆ ಸಾಗುತ್ತವೆ, ವೈದ್ಯಕೀಯ ಪ್ರವೇಶದ ನೀಟ್ ತಡವಾದರೆ ಇನ್ನೂ ಮುಂದಕ್ಕೆ. ಆ ಹೊತ್ತಿಗೆ ನಮ್ಮಲ್ಲಿ ಮರ ಬಿದ್ದು ವಿದ್ಯುತ್ ಕಂಬಗಳು ಉರುಳಿರುತ್ತವೆ, ಕರೆಂಟಿಲ್ಲದೆ ಟವರುಗಳೂ ಮಲಗುತ್ತವೆ. ಮಗನ ಸರದಿ ಬಂದಾಗ ನಾವು ಲ್ಯಾಪ್‌ಟಾಪ್ ಹೊತ್ತು ಕುಶಾಲನಗರದ ಬಂಧುಗಳ ಮನೆಗೆ ಹೋದೆವು. ಮಳೆ ಅಲ್ಲಿ ಕಡಿಮೆ, ನೆಟ್‌ವರ್ಕ್ ಜಾಸ್ತಿ.

ಆಪ್ಶನ್ ಪಟ್ಟಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಕಂಪ್ಯೂಟರು ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ, ನಿಮ್ಮ ರ್‍ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತದೆ. ಆದ್ದರಿಂದ ಸಿಗಲಾರದೆಂದು ಹೆದರಿ ಇಷ್ಟದ ಕಾಲೇಜನ್ನು ಕೆಳಕ್ಕೆ ತಳ್ಳುವುದರಿಂದ ಏನೂ ಲಾಭವಿಲ್ಲ, ಮೇಲಿಡುವುದರಿಂದ ಏನೂ ನಷ್ಟವಿಲ್ಲ. ಹೋಗಲು ಮನಸ್ಸಿಲ್ಲದ ಕಾಲೇಜನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ. ಎಂಜಿನಿಯರಿಂಗ್, ಕೃಷಿ, ಅರಣ್ಯ ವಿಜ್ಞಾನ ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುವುದರಿಂದ ಮನೆಯಲ್ಲಿ ಮೊದಲೇ ಜಗಳವಾಡಿ ಮುಗಿಸಿರಬೇಕು. ನಮ್ಮ ಮನೆಯಲ್ಲಿ ವಾದ ನಡೆದದ್ದು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಮೇಲೆಯೋ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಮೇಲೆಯೋ ಎಂದು. ಮಗ ತನ್ನ ಪಟ್ಟಿಯಲ್ಲಿ ಕಾಡನ್ನು ಮೇಲಿಟ್ಟ, ಅಣಕು ಹಂಚಿಕೆ ನೋಡಿದ ನಂತರವೂ ಬದಲಿಸಲಿಲ್ಲ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು: ಮೊದಲನೆಯದು ಸೀಟು ಒಪ್ಪಿ ಕಾಲೇಜಿಗೆ ಸೇರುವುದು, ಎರಡನೆಯದು ಸೀಟು ಉಳಿಸಿಕೊಂಡು ಮೇಲಿನದಕ್ಕೆ ಕಾಯುವುದು, ಮೂರನೆಯದು ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪೂರ್ತಿ ಹೊರಬರುವುದು. ಏನನ್ನೂ ಒತ್ತದೆ ಬಿಟ್ಟರೆ ಸೀಟು ಕೈತಪ್ಪುತ್ತದೆ, ಮಳೆಯ ಕಾರಣ ಯಾರೂ ಕೇಳುವುದಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಮಾತ್ರವಲ್ಲ, ಪಕ್ಕದಲ್ಲಿ ಕೂತು ಸಲಹೆ ಕೊಡುವ ಚಿಕ್ಕಪ್ಪಂದಿರಿಗೂ ಮೊದಲೇ ವಿವರಿಸಿ. ಶುಲ್ಕ ಕಟ್ಟುವ ಹಣವನ್ನು ಖಾತೆಯಲ್ಲಿ ಸಿದ್ಧವಾಗಿಟ್ಟು, ಪ್ರವೇಶ ಆದೇಶ ಮುದ್ರಿಸಿದ ಕೂಡಲೇ ಮೂಲ ದಾಖಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಕೊನೆಯ ದಿನಕ್ಕೆ ಕಾಯದೆ ಕಾಲೇಜಿಗೆ ಹೊರಡಿ.