ನಡುತಿಂಗಳ ರಕ್ತದ ಕಲೆಯನ್ನು ಉಷ್ಣವೆಂದು, ವಯಸ್ಸಿನದೆಂದು ನಂಬಿ ಎಂಟು ತಿಂಗಳು ಕಳೆದೆ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಕುಮಟಾ, ಹೊನ್ನಾವರಗಳ ನೆಂಟರಿಂದ ಮನೆ ತುಂಬಿದ್ದ ಒಂದು ಜಾತ್ರೆಯ ವಾರದಲ್ಲೇ ನನ್ನ ಮುಟ್ಟಿನ ದಿನವೂ ಬರುವುದಿತ್ತು. ನಾದಿನಿ ಔಷಧಿ ಅಂಗಡಿಯಿಂದ ಮುಟ್ಟು ಮುಂದೆ ಹಾಕುವ ಮಾತ್ರೆ ತಂದುಕೊಟ್ಟಳು. ಅಂಗಡಿಯವರು ವೈದ್ಯರ ಚೀಟಿ ಕೇಳಲಿಲ್ಲ, ನಾನೂ ಏನನ್ನೂ ವಿಚಾರಿಸಲಿಲ್ಲ. ನಾರೆಥಿಸ್ಟೆರಾನ್ ಎಂಬ ಈ ಹಾರ್ಮೋನ್ ಮಾತ್ರೆಯನ್ನು ನಿಲ್ಲಿಸಿದ ಎರಡು-ಮೂರು ದಿನಗಳಲ್ಲಿ ಸಾಮಾನ್ಯವಾಗಿ ಮುಟ್ಟಾಗುತ್ತದೆ. ನನಗೂ ಹಾಗೆಯೇ ಆಯಿತು. ಆದರೆ ಮರುತಿಂಗಳು, ಮುಟ್ಟು ಮುಗಿದು ಹತ್ತು ದಿನ ಕಳೆದ ಮೇಲೆ, ಬಟ್ಟೆಯಲ್ಲಿ ಕಂದುಬಣ್ಣದ ಕಲೆ ಕಾಣಿಸಿತು.

ಆಗ ನನಗೆ 44 ವರ್ಷ. ಮಾತ್ರೆಯಿಂದ ಮೈ ಉಷ್ಣವಾಗಿದೆ ಎಂದು ಮನೆಯ ಹಿರಿಯರು ಹೇಳಿದ್ದನ್ನು ನಂಬಿ ಕೊತ್ತಂಬರಿ ಕಷಾಯ, ಎಳನೀರು, ಮುರುಗಲು ಪಾನಕ ಎಂದು ಮೂರು ತಿಂಗಳು ಕಳೆದೆ. ಅಂಥ ಮಾತ್ರೆ ತೆಗೆದುಕೊಳ್ಳುವಾಗಲೂ ಬಿಟ್ಟ ಮೇಲೂ ಕೆಲವರಿಗೆ ಹನಿ ರಕ್ತ ಕಾಣಿಸುವುದುಂಟು, ಆದ್ದರಿಂದ ಆ ಊಹೆ ಪೂರ್ತಿ ಅಸಂಬದ್ಧವೇನಲ್ಲ. ಆದರೆ ಬಿಟ್ಟು ತಿಂಗಳುಗಳಾದರೂ ನಿಲ್ಲದ ಕಲೆಗೆ ಅದೇ ಕಾರಣವನ್ನು ಹೊರಿಸುತ್ತ ಹೋದದ್ದು ನನ್ನ ತಪ್ಪು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಹೊರಗೆ ಕೂರುವ ಪದ್ಧತಿ ಇನ್ನೂ ಇರುವ ಮನೆಯಲ್ಲಿ, ಒಂದು ಹನಿ ಕಂಡಾಗಲೆಲ್ಲ ಹೇಳಿಕೊಂಡರೆ ತಿಂಗಳಿನ ಅರ್ಧದಷ್ಟು ದಿನ ಒಳಗೆ ಬರುವಂತಿಲ್ಲ. ಹಾಗಾಗಿ ನಾನು ಮುಚ್ಚಿಟ್ಟೆ. ನನ್ನಂತೆ ಮುಚ್ಚಿಡುವವರು ನಮ್ಮ ಕಡೆ ಬಹಳ ಜನ ಇದ್ದಾರೆಂದು ಈಚೆಗೆ ತಿಳಿಯಿತು.

ನಾಲ್ಕನೆಯ ತಿಂಗಳು ಹೋದ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ನನ್ನನ್ನು ಪರೀಕ್ಷಾ ಮೇಜಿನ ಮೇಲೆ ಮಲಗಿಸಿ ನೋಡಲೇ ಇಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಸಹಜ ಎಂದು ಹೇಳಿ, ರಕ್ತ ನಿಲ್ಲುವ ಮಾತ್ರೆಯನ್ನು ಬರೆದುಕೊಟ್ಟರು. ಅದನ್ನೇ ಮೂರು ಬಾರಿ ಬರೆಸಿಕೊಂಡೆ. ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವೆಂಬ ವರದಿ ಸಿಕ್ಕಿದಾಗಲಂತೂ ನಿಶ್ಚಿಂತಳಾದೆ. ಎಂಟನೆಯ ತಿಂಗಳು ತೋಟದ ಏರು ಹತ್ತುವಾಗ ಏದುಸಿರು ಬಂದು ಕುಳಿತುಬಿಟ್ಟೆ. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಹೆಂಗಸರಿಗೆ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ.

ಬೇರೆ ಊರಿನ ಸ್ತ್ರೀರೋಗ ತಜ್ಞೆ ಮೊದಲು ಕೇಳಿದ್ದು ಗರ್ಭ ನಿಂತಿರಬಹುದೇ ಎಂದು. ನನ್ನ ವಯಸ್ಸಿಗೆ ಈ ಪ್ರಶ್ನೆಯೇ ಎಂದು ನಾಚಿಕೆಯಾಯಿತು. ಆದರೆ ಗರ್ಭನಾಳದಲ್ಲಿ ಗರ್ಭ ನಿಂತರೂ ಹೀಗೆಯೇ ಹನಿ ರಕ್ತ ಕಾಣುತ್ತದೆ, ಕಿಬ್ಬೊಟ್ಟೆಯ ಒಂದು ಬದಿಯ ನೋವಿನೊಂದಿಗೆ ತಲೆಸುತ್ತು ಬಂದರೆ ಅದು ಪ್ರಾಣಕ್ಕೇ ಕುತ್ತು, ಆಗ ಒಂದು ಗಂಟೆಯನ್ನೂ ಕಾಯಬಾರದು ಎಂದು ಅವರು ವಿವರಿಸಿದರು. ಅನಂತರ ಗರ್ಭಕೊರಳನ್ನು, ಅಂದರೆ ಗರ್ಭಾಶಯದ ಬಾಯಿಯನ್ನು, ಕಣ್ಣಾರೆ ನೋಡಿ, ಅಲ್ಲಿನ ಜೀವಕೋಶಗಳನ್ನು ಸವರಿ ತೆಗೆದು ಪರೀಕ್ಷಿಸುವ ಪ್ಯಾಪ್ ಸ್ಮಿಯರ್ ಮಾಡಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಮುಟ್ಟು ಮುಗಿದ ಕೂಡಲೇ ಯೋನಿಯ ಮೂಲಕ ಸ್ಕ್ಯಾನ್ ಮಾಡಿಸಿದರು. ಆ ದಿನಗಳಲ್ಲಿ ಗರ್ಭಾಶಯದ ಒಳಪದರ ತೆಳುವಾಗಿರುವುದರಿಂದ ಸಣ್ಣ ಗಡ್ಡೆಯೂ ಎದ್ದು ಕಾಣುತ್ತದಂತೆ. ಕಂಡದ್ದು ಪಾಲಿಪ್, ಅಂದರೆ ಒಳಪದರದಲ್ಲಿ ಬೆಳೆದ ಮೆತ್ತನೆಯ ಮಾಂಸದ ಕುಡಿ. ಗರ್ಭಾಶಯದೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಅದನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಕ್ಯಾನ್ಸರ್ ಅಲ್ಲವೆಂಬ ವರದಿ ಬರುವವರೆಗೆ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ನಡುತಿಂಗಳ ರಕ್ತವೆಲ್ಲ ಪಾಲಿಪ್ ಅಲ್ಲ. ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಒಂದೆರಡು ದಿನ ತುಸು ಕಲೆಯಾಗುವುದು ಕೆಲವರಲ್ಲಿ ಸಹಜ. ಕಾಪರ್-ಟಿ ಹಾಕಿಸಿಕೊಂಡ ಮೊದಲ ತಿಂಗಳುಗಳಲ್ಲಿ, ಗರ್ಭನಿರೋಧಕ ಮಾತ್ರೆ ಮರೆತಾಗ, ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದಾಗ, ಗರ್ಭಕೊರಳಿಗೆ ಸೋಂಕಾದಾಗ, ಥೈರಾಯ್ಡ್ ಏರುಪೇರಾದಾಗಲೂ ಹೀಗಾಗಬಹುದು. ಗಂಡ-ಹೆಂಡತಿ ಕೂಡಿದ ಮೇಲೆ ರಕ್ತ ಕಂಡರೆ ಗರ್ಭಕೊರಳನ್ನು ತಪ್ಪದೇ ನೋಡಿಸಬೇಕು, ಏಕೆಂದರೆ ಅಲ್ಲಿನ ಕ್ಯಾನ್ಸರಿನ ಮೊದಲ ಸುಳಿವು ಕೆಲವೊಮ್ಮೆ ಅದೇ. ಮುಟ್ಟು ನಿಂತು ಒಂದು ವರ್ಷ ದಾಟಿದವರಿಗೆ ಒಂದೇ ಹನಿ ಕಂಡರೂ ಕಾಯುವುದು ಬೇಡ.

ಯಾವ ದಿನ ಕಂಡಿತು, ಎಷ್ಟು ದಿನ ಇತ್ತು, ಬಣ್ಣ ಯಾವುದು, ಯಾವ ಮಾತ್ರೆ ನುಂಗಿದ್ದಿರಿ ಎಂದು ತಜ್ಞೆ ಕೇಳಿದಾಗ ನನ್ನಲ್ಲಿ ಒಂದಕ್ಕೂ ಸರಿಯಾದ ಉತ್ತರವಿರಲಿಲ್ಲ. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಪೆನ್ಸಿಲಿನಿಂದ ಗುರುತು ಹಾಕುತ್ತೇನೆ. ಮನೆಯವರೆಲ್ಲ ನೋಡುತ್ತಾರೆ, ನೋಡಲಿ.