ಹಳೇ 6ಬಿಟಿ ಎಂಜಿನ್‌ಗೆ ಆಫ್ಟರ್‌ಕೂಲರ್ ಸೆಟ್: ಮೂರು ಮಳೆಗಾಲ ಕಳೆದ ಮೇಲೆ

ನಮ್ಮದು 32 ಅಡಿಯ ಫೈಬರ್ ಬೋಟು. ಭಾವ ಮತ್ತು ನಾನು ಪಾಲಿನಲ್ಲಿ ತಗೊಂಡದ್ದು. ರಜೆ ಬಂದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಕಡೆ ಗಾಳ ಹಾಕಲು ಹೋಗುವುದು, ಇಲ್ಲವೆಂದರೆ ಮನೆಮಂದಿಯನ್ನು ಹತ್ತಿಸಿಕೊಂಡು ಕೋಡಿಬೆಂಗ್ರೆ ಅಳಿವೆಯವರೆಗೆ ಒಂದು ಸುತ್ತು. ಒಳಗಿರುವುದು ಕಮ್ಮಿನ್ಸ್ 6ಬಿಟಿ, 5.9 ಲೀಟರ್, 2600 ಆರ್‌ಪಿಎಂನಲ್ಲಿ 210 ಎಚ್‌ಪಿ. ಸಿಲಿಂಡರಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇತ್ತು, ಆ ಗಾಳಿಯನ್ನು ತಣಿಸುವ ಆಫ್ಟರ್‌ಕೂಲರ್ ಇರಲಿಲ್ಲ. ಎಂಟು ಜನ ಹತ್ತಿದರೆ 14 ನಾಟ್ (ಗಂಟೆಗೆ ಸುಮಾರು 26 ಕಿ.ಮೀ.) ದಾಟುತ್ತಿರಲಿಲ್ಲ. ಭಾವನಿಗೆ ಅದೇ ಕೊರಗು.

ಮೊದಲು ಹೋದ ಗ್ಯಾರೇಜಿನವರು ಡೀಸೆಲ್ ಪಂಪಿನ ಹಿಂದಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, "ಇನ್ನು ಓಡುತ್ತದೆ ನೋಡಿ" ಎಂದರು. ಓಡಿದ್ದು ಹೊಗೆ ಮಾತ್ರ ಮಾರಾಯ್ರೆ. ಡೀಸೆಲ್ ಹೆಚ್ಚಾಯಿತು, ಅದನ್ನು ಉರಿಸುವಷ್ಟು ಗಾಳಿ ಇಲ್ಲ. ಹಿಂಬದಿ ಇಡೀ ಮಸಿ, ನೀರಿನ ಟೆಂಪರೇಚರ್ ಮೇಲೆ. ಎರಡೇ ವಾರಕ್ಕೆ ಸ್ಕ್ರೂ ಮೊದಲಿನ ಜಾಗಕ್ಕೆ ಬಂತು.

ಆ ಜೂನ್‌ನಲ್ಲಿ ಬೋಟು ದಡಕ್ಕೆಳೆದಾಗ ಒಬ್ಬ ಹಳೇ ತಾಂಡೇಲರು (ಬೋಟು ನಡೆಸುವವರು) ಕೇಳಿದರು: "ಫುಲ್ ಎಳೆದರೆ ಆರ್‌ಪಿಎಂ ಎಷ್ಟು ಬರ್ತದೆ?" 2350. "2600 ಬರದಿದ್ದರೆ ಇರುವ ಎಚ್‌ಪಿಯೇ ನಿಮಗೆ ಸಿಕ್ಕಿಲ್ಲ." ಅಡಿಯ ಚಿಪ್ಪು, ಪಾಚಿ ಕೆರೆಸಿ, ಫ್ಯಾನಿನ (ಪ್ರೊಪೆಲ್ಲರ್‌ನ) ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ತಳ್ಳುವ ಲೆಕ್ಕದ ದೂರ, ಒಂದು ಇಂಚು ಇಳಿಸಿದ ಮೇಲೆ 2650 ಬಂತು. ವೇಗ 16 ನಾಟ್. ಖರ್ಚು ಏಳು ಸಾವಿರದೊಳಗೆ. ಎಂಜಿನ್ ಜೋರು ಮಾಡಿಸುವ ಯೋಚನೆ ಇರುವವರು ಇದೊಂದನ್ನು ಮಾಡದೆ ಗ್ಯಾರೇಜಿನ ಮೆಟ್ಟಿಲು ಹತ್ತಬೇಡಿ.

ನಾವು ಆಮೇಲೂ ಹತ್ತಿದೆವು, ಆ ಮಾತು ಬೇರೆ. ಈ ಸಲ ಬೇರೆ ಕಡೆ. ಆಫ್ಟರ್‌ಕೂಲರ್, ಅದಕ್ಕೆ ಹೊಂದುವ ಟರ್ಬೊ, ಇಂಜೆಕ್ಟರ್, ಪಂಪ್ ಸೆಟ್ಟಿಂಗ್, ನಾಲ್ಕರ ಬದಲು ಐದು ಇಂಚಿನ ಎಕ್ಸಾಸ್ಟ್, ಟರ್ಬೊದ ಮುಂದೆ ಹೊಗೆಯ ಬಿಸಿ ಅಳೆಯುವ ಮೀಟರ್: ಎಲ್ಲ ಸೇರಿ 3.4 ಲಕ್ಷ. ಟರ್ಬೊ ಒತ್ತಿದ ಗಾಳಿ 100 ಡಿಗ್ರಿ ದಾಟಿ ಕಾಯುತ್ತದೆ. ಕಾದ ಗಾಳಿ ತೆಳು. ಅದನ್ನು ಸಮುದ್ರದ ನೀರಿನಿಂದ ತಣಿಸಿದರೆ ಅದೇ ಸಿಲಿಂಡರಿಗೆ ಹೆಚ್ಚು ಗಾಳಿ, ಆಗ ಹೆಚ್ಚು ಡೀಸೆಲ್ ಹೊಗೆಯಿಲ್ಲದೆ ಉರಿಯುತ್ತದೆ. ಗೇರ್‌ಬಾಕ್ಸ್ ತಾಳುತ್ತದೆಯೇ ಎಂದು ಅದರ ಮೇಲೆ ಮಿತಿ ಬರೆದಿರುವ ಪ್ಲೇಟ್ ನೋಡಿಯೇ ಮುಂದುವರಿದದ್ದು. ವಿಮೆಯವರಿಗೂ ತಿಳಿಸಿದೆವು.

ಗ್ಯಾರೇಜಿನವರು ಹೇಳಿದ್ದು 270 ಎಚ್‌ಪಿ. ಒಂದು ಲೀಟರ್ ಡೀಸೆಲ್‌ಗೆ ಒಂದು ಗಂಟೆ ಸುಮಾರು 5 ಎಚ್‌ಪಿ ಎಂಬ ಲೆಕ್ಕ ಹಿಡಿದು ಫುಲ್‌ನಲ್ಲಿ ಅಳೆದಾಗ ಗಂಟೆಗೆ 51 ಲೀಟರ್ ಹೋಯಿತು, ಅಂದರೆ 255ರ ಆಸುಪಾಸು. ಇಳಿಸಿದ್ದ ಪಿಚ್ಚನ್ನು ಮತ್ತೆ ಏರಿಸಬೇಕಾಯಿತು. ಈಗ 18 ನಾಟ್. ಮೂರೂವರೆ ಲಕ್ಷಕ್ಕೆ ಎರಡು ನಾಟ್ ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ, ನನ್ನಲ್ಲಿ ಉತ್ತರ ಇಲ್ಲ. ಆದರೆ ಅಳಿವೆಯಲ್ಲಿ ಅಲೆ ಹಿಂದಿನಿಂದ ಏಳುವಾಗ ಕೈಗೆ ಸಿಗುವ ಎಳೆತ ಬೇರೆಯೇ. ಮೊದಲಿನ 14 ನಾಟ್‌ನಲ್ಲೇ ಹೋದರೆ ಡೀಸೆಲ್ ಹೆಚ್ಚು ಕುಡಿಯುವುದೂ ಇಲ್ಲ.

410 ಗಂಟೆ ಓಡಿದೆ. ಟರ್ಬೊ, ಇಂಜೆಕ್ಟರ್ ಮುಟ್ಟಿಲ್ಲ. ತೊಂದರೆ ಕೊಟ್ಟದ್ದು ಕೂಲರ್ ಒಂದೇ. ಉಪ್ಪುನೀರು ಅದರೊಳಗೇ ಹರಿಯುತ್ತದೆ. ಎರಡನೇ ಮಳೆಗಾಲಕ್ಕೆ ಬಿಚ್ಚಿದಾಗ ಅಲ್ಯುಮಿನಿಯಂ ಮುಚ್ಚಳ ಹಿಟ್ಟು ಹಿಟ್ಟು. ಸೋರಿದ್ದರೆ ನೀರು ನೇರ ಸಿಲಿಂಡರಿಗೆ ಹೋಗುತ್ತಿತ್ತು. ಈಗ ಪ್ರತಿ ಮಳೆಗಾಲ ಬಿಚ್ಚಿ, ಗ್ರೀಸ್ ಹಚ್ಚಿ, ಒತ್ತಡ ಕೊಟ್ಟು ಪರೀಕ್ಷೆ. ಇದನ್ನು ಮಾರುವಾಗ ಯಾರೂ ಹೇಳಲಿಲ್ಲ. ಎಂಜಿನ್ ಒಳಗಿನ ಬಿಡಿಭಾಗಗಳಿಗೆ ಚಿಂತೆಯಿಲ್ಲ, ಇದೇ ಎಂಜಿನ್ ಟಾಟಾ ಲಾರಿಗಳಲ್ಲೂ ಬಂದದ್ದು. ಕೂಲರ್, ಉಪ್ಪುನೀರಿನ ಪಂಪ್ ಮಾತ್ರ ಬೋಟಿನದೇ ಬೇಕು, ದುಬಾರಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಭಾವ ಈಗ 330 ಎಚ್‌ಪಿ ಮಾತೆತ್ತಿದ್ದಾರೆ. ಈ ವರ್ಷ ಬೋಟು ದಡ ಹತ್ತಿದ ದಿನ ಚಿಪ್ಪು ಕೆರೆಯುವ ಉಳಿ ಅವರ ಕೈಗೇ ಕೊಟ್ಟೆ.