ಮಗನ ಕೈಗೆ ಫಿಟ್ನೆಸ್ ಬ್ಯಾಂಡ್ ಕಟ್ಟಿ ನಾಲ್ಕು ತಿಂಗಳಾಯಿತು

ಮಗನಿಗೆ 10 ವರ್ಷ. ತೂಕ ಸ್ವಲ್ಪ ಜಾಸ್ತಿ. ಶಾಲೆಯಿಂದ ಬಂದು ಸೋಫಾ ಹಿಡಿದರೆ, ಟ್ಯಾಬ್ ಚಾರ್ಜ್ ಖಾಲಿಯಾದಾಗಲೇ ಏಳುತ್ತಿದ್ದದ್ದು. ಅದಕ್ಕೇ ಮಕ್ಕಳ ಫಿಟ್ನೆಸ್ ಬ್ಯಾಂಡ್ ತಂದೆ. ಪಟ್ಟಿ ಮೆತ್ತಗಿದೆ, ಬ್ಯಾಟರಿ ಐದು ದಿನ ಬರುತ್ತದೆ. ಅದರಲ್ಲಿ ತಕರಾರಿಲ್ಲ.

ಮೊದಲ ವಾರವೇ ದಿನಕ್ಕೆ 9,000 ಹೆಜ್ಜೆ. ನನಗೋ ಖುಷಿ! ಒಂದು ಸಂಜೆ ಇಣುಕಿದರೆ, ಟಿವಿ ಮುಂದೆ ಕೂತೇ ಕೈ ಅಲ್ಲಾಡಿಸುತ್ತಿದ್ದಾನೆ. ಒಳಗಿರುವುದು ಅಲುಗಾಟ ಅಳೆಯುವ ಸೆನ್ಸರ್, ಸುಲಭವಾಗಿ ಮೋಸ ಹೋಗುತ್ತದೆ. ಅದೇ ಅರ್ಧ ಗಂಟೆ ಬೆವರು ಸುರಿಸಿ ಸೈಕಲ್ ತುಳಿದ ದಿನ ಸಿಕ್ಕಿದ್ದು 300 ಚಿಲ್ಲರೆ ಹೆಜ್ಜೆ. ಕೈ ಹ್ಯಾಂಡಲ್ ಮೇಲೆ ಕದಲದೆ ಇತ್ತಲ್ಲ! ಪಾಪ, ಮುಖ ಸಣ್ಣದು ಮಾಡಿಕೊಂಡ.

ದಿನದ ಗುರಿ 10,000 ಹೆಜ್ಜೆ ಅಂತೆ. ಆ ಸಂಖ್ಯೆ ಹರಡಿದ್ದು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಿದ ಒಂದು ಪೆಡೋಮೀಟರಿನ (ಹೆಜ್ಜೆ ಎಣಿಸುವ ಯಂತ್ರ) ಹೆಸರಿನಿಂದ, ಡಾಕ್ಟರ ಚೀಟಿಯಿಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂಥ ಆಟ, ಓಟ.

ಸಿಟ್ಟು ಬಂದದ್ದು ಫೋನಿನಲ್ಲಿರುವ ಬ್ಯಾಂಡಿನ ಆ್ಯಪ್ ನೋಡಿ. ಅವನ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂಬ ಲೆಕ್ಕ) 22ಕ್ಕೆ ‘ಸರಿಯಿದೆ’ ಎಂದು ಹಸಿರು ಬಣ್ಣ ತೋರಿಸಿತು. ಅದು ದೊಡ್ಡವರ ಅಳತೆ. ಮಕ್ಕಳಿಗೆ ವಯಸ್ಸು, ಗಂಡೋ ಹೆಣ್ಣೋ ನೋಡಿ ಬೇರೆಯೇ ಚಾರ್ಟ್ ಇದೆ. ಹೋಗಲಿ ಅಂದರೆ, ಹೆಜ್ಜೆ ಕಡಿಮೆಯಾದ ದಿನ ಪರದೆಯ ಮೇಲಿನ ಕರಡಿಮರಿ ಊದಿಕೊಂಡು ಕೂತು ಅಳುತ್ತದೆ. ಜ್ವರ ಬಂದು ಮಲಗಿದ್ದ ಎರಡು ದಿನವೂ ಊದಿತು. ‘ಇದು ನನ್ನ ಹಾಗೇ ಇದೆ ಅಲ್ವಾ?’ ಅಂದ. ಆಮೇಲೆ ಟೀ ಶರ್ಟನ್ನು ಹೊಟ್ಟೆಗೆ ಅಂಟದ ಹಾಗೆ ಮುಂದಕ್ಕೆ ಎಳೆದುಕೊಂಡ. ಬಿಟ್ಟುಹೋಗಿದ್ದ ಅಭ್ಯಾಸ ಅದು.

ಕರಡಿಯನ್ನು ಆಫ್ ಮಾಡುವುದು ಹೇಗೆ ಎಂದು ಕಂಪನಿಗೆ ಬರೆದೆ. ‘ಅದು ಮಗುವಿನ ಪ್ರೋತ್ಸಾಹಕ್ಕೆ’ ಎಂಬ ಉತ್ತರ ಬಂತು. ಸಾಲದ್ದಕ್ಕೆ, ಹೆಜ್ಜೆ ನೋಡಲು ಫೋನ್ ತೆಗೆದವನು ವಿಡಿಯೋದಲ್ಲಿ ಮುಳುಗುತ್ತಿದ್ದ. ಸ್ಕ್ರೀನ್ ಬಿಡಿಸಲು ತಂದದ್ದೇ ಹೊಸ ನೆಪವಾಯಿತು. ಆ್ಯಪ್ ಕಿತ್ತು ಹಾಕಿದೆ.

ಈಗ ಉಳಿದಿರುವ ಉಪಯೋಗ ಒಂದೇ. ಒಂದು ಗಂಟೆ ಕೂತಲ್ಲೇ ಕೂತರೆ ಬ್ಯಾಂಡ್ ಗುರ್ ಎನ್ನುತ್ತದೆ. ಅವನು ಎದ್ದು ನನ್ನನ್ನೂ ಎಬ್ಬಿಸುತ್ತಾನೆ. ಹಗ್ಗ ಜಿಗಿಯುವ ಆಟದಲ್ಲಿ ನಾನು 40ಕ್ಕೆ ಸುಸ್ತು, ಅವನು 65.

ಬ್ಯಾಂಡಿಗೆ ಮೂರು ಸ್ಟಾರ್, ಆ್ಯಪ್‌ಗೆ ಸೊನ್ನೆ. ಕೊಳ್ಳುವ ಮೊದಲು ಆ್ಯಪ್ ಇಲ್ಲದೆ ನಡೆಯುತ್ತದಾ ಕೇಳಿಕೊಳ್ಳಿ.